ಕಾಶಿಯಲ್ಲಿ ಬಿಟ್ಟ ಅವರೆಕಾಯಿ

ತುಮಕೂರಿನ ಹೈಸ್ಕೂಲ್ ಮೈದಾನದಲ್ಲಿ ಅವರೆ ಮೇಳದ ಮೊದಲ ಬಾಣಲೆಗೆ ಎಣ್ಣೆ ಬಿದ್ದ ಸಂಜೆ, ಅಲ್ಲಿಂದ ಕೂಗಳತೆಯ ದೂರದಲ್ಲಿದ್ದ ತಮ್ಮ ಮನೆಯ ಮುಂಬಾಗಿಲಲ್ಲಿ ಕುಳಿತು ಮಹಾಲಿಂಗಯ್ಯನವರು ಒಂದು ದೃಢ ನಿರ್ಧಾರಕ್ಕೆ ಬಂದರು. ಯಾರೇ ಅಡ್ಡ ಬರಲಿ, ಮಾನ ಉಳಿಯಲಿ ಬಿಡಲಿ, ಈ ಮೇಳ ಮುಗಿಯುವುದರೊಳಗೆ ಹಿತಕಿದ ಬೇಳೆಯ ವಡೆಯೊಂದನ್ನಾದರೂ ತಿಂದೇ ತೀರಬೇಕು.

ಇದನ್ನು ಸಣ್ಣ ಗುರಿಯೆಂದು ಯಾರೂ ಹಗುರವಾಗಿ ಎಣಿಸಬಾರದು. ಹಿಮಾಲಯ ಏರುವವನಿಗೆ ದಾರಿಯಲ್ಲಿ ಹಿಮ ಮಾತ್ರ ಅಡ್ಡ ಬರುತ್ತದೆ. ಮಹಾಲಿಂಗಯ್ಯನವರ ದಾರಿಗೆ ಅಡ್ಡ ನಿಂತಿದ್ದುದು ಸಾಕ್ಷಾತ್ ಕಾಶಿ.

ಕಥೆ ಹಿಂದಿನ ಬೇಸಿಗೆಯದು. ಹಿರೇಹಳ್ಳಿಯ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಉಗ್ರಾಣದ ಮೇಲ್ವಿಚಾರಕರಾಗಿದ್ದ ಮಹಾಲಿಂಗಯ್ಯನವರು ಪತ್ನಿ ಬಸವಲಿಂಗಮ್ಮನವರೊಡನೆ ಕಾಶಿಯಾತ್ರೆಗೆ ಹೊರಟಿದ್ದರು. ಯಾತ್ರೆಯ ನಾಯಕರು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರ ಶಿವರಾಮಯ್ಯನವರು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯ ಸನ್ನಿಧಿಯಲ್ಲಿ ಬಿಟ್ಟು ಬರಬೇಕು, ಬದುಕಿರುವ ತನಕ ಅದನ್ನು ಮತ್ತೆ ಬಾಯಿಗಿಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಈ ಪದ್ಧತಿಯಲ್ಲಿ ‘ಪ್ರಿಯವಾದ’ ಎಂಬ ಮಾತು ಹೇಗೋ ರೈಲಿನಲ್ಲಿ ಹೋಗುವಾಗಲೇ ಎಲ್ಲೋ ಬಿದ್ದುಹೋಗಿರುತ್ತದೆ. ಮಹಾಲಿಂಗಯ್ಯನವರು ಘಟ್ಟದ ಮೆಟ್ಟಿಲ ಮೇಲೆ ನಿಂತು, ಬೊಗಸೆಯಲ್ಲಿ ನೀರು ಹಿಡಿದು, ಕಣ್ಣು ಮುಚ್ಚಿ, ಭಕ್ತಿಯಿಂದ ಬಿಟ್ಟದ್ದು ಹಾಗಲಕಾಯಿಯನ್ನು. ಹುಟ್ಟಿದಾಗಿನಿಂದ ಅದರ ಒಂದು ಹೋಳನ್ನೂ ಅವರು ನಾಲಿಗೆಗೆ ತಾಕಿಸಿರಲಿಲ್ಲ. ಒಲೆಯ ಮೇಲೆ ಅದರ ವಾಸನೆ ಎದ್ದರೆ ಮನೆ ಬಿಟ್ಟು ಹೊರಗೆ ಹೋಗುವವರು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಊರಿಗೆ ಮರಳುವಾಗ, ಬೆಂಗಳೂರಿನಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಶಿವರಾಮಯ್ಯನವರು ಎದ್ದು ನಿಂತು ತರಗತಿ ಶುರುಮಾಡಿದರು.

“ಈಗ ಒಬ್ಬೊಬ್ಬರಾಗಿ ಹೇಳಿ, ಯಾರ‍್ಯಾರು ಏನೇನ್ ಬಿಟ್ರಿ? ನಾನು ಸೀಬೆಹಣ್ಣು ಬಿಟ್ಟೆ.”

ಶಿವರಾಮಯ್ಯನವರ ಹಲ್ಲುಗಳು ಅವರನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಸೀಬೆಹಣ್ಣು ಅಂದಿನಿಂದಲೇ ಅನಾಥವಾಗಿತ್ತು. ಆದರೂ ಬಸ್ಸು ಚಪ್ಪಾಳೆ ತಟ್ಟಿತು. ಕುಣಿಗಲ್‌ನ ಬಾದಾಮಿ ಹಾಲಿನ ವ್ಯಾಪಾರಿ ಹೊನ್ನಯ್ಯ ಪಡವಲಕಾಯಿ ಎಂದ. ಉಳಿದ ಗಂಡಸರೆಲ್ಲ ಹಾಗಲಕಾಯಿ, ಹಾಗಲಕಾಯಿ ಎಂದು ಸಾಲಾಗಿ ಕೂಗಿದರು. ಕಾಶಿಯ ಗಂಗೆ ಆ ವಾರ ಎಷ್ಟು ಕಹಿಯಾಗಿ ಹರಿದಿರಬೇಕೆಂದು ಊಹಿಸಿಯೇ ತಿಳಿಯಬೇಕು.

ಸರದಿ ಮಹಾಲಿಂಗಯ್ಯನವರಿಗೆ ಬಂತು. ಹನ್ನೆರಡು ಜನ ಹೇಳಿದ್ದನ್ನೇ ಹೇಳುವುದು ಅವರ ಘನತೆಗೆ ಒಪ್ಪಲಿಲ್ಲ. ನಾಲಿಗೆ ತಾನಾಗಿಯೇ ಹೊರಳಿತು.

“ಏನ್ರೀ ಇದು, ಎಲ್ಲಾರೂ ಹಾಗಲಕಾಯಿ! ಹೇಡಿಗಳು ಬಿಡೋ ತರಕಾರಿ ಕಣ್ರೀ ಅದು. ನನಗೆ ಹಾಗಲಕಾಯಿ ಅಂದ್ರೆ ಪ್ರಾಣ. ನಾನು ಬಿಟ್ಟಿದ್ದು ಅವರೆಕಾಯಿ!”

ತುಮಕೂರು ಸೀಮೆಯಲ್ಲಿ ಹುಟ್ಟಿದವನೊಬ್ಬ ಅವರೆಕಾಯಿ ಬಿಡುವುದೆಂದರೆ ಏನೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಡ್ರೈವರ್ ಕೂಡ ಕನ್ನಡಿಯಲ್ಲಿ ಅವರನ್ನೊಮ್ಮೆ ನೋಡಿದ. ಶಿವರಾಮಯ್ಯನವರ ಸೀಬೆಹಣ್ಣು ಸದ್ದಿಲ್ಲದೆ ಸೀಟಿನ ಕೆಳಗೆ ಉರುಳಿಹೋಯಿತು. ಹಿಂದಿನ ಸೀಟಿನಲ್ಲಿ ಹೆಂಗಸರ ನಡುವೆ ಕುಳಿತಿದ್ದ ಬಸವಲಿಂಗಮ್ಮನವರು ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿ, ನೆಲಮಂಗಲದ ಫ್ಲೈಓವರನ್ನು ಅತ್ಯಂತ ಆಸಕ್ತಿಯಿಂದ ನೋಡತೊಡಗಿದರು.

ಆಗ ಬೇಸಿಗೆ. ಅವರೆಯ ಕಾಲ ಎಲ್ಲಿಯೋ ದೂರದಲ್ಲಿತ್ತು. ಬೇಸಿಗೆಯಲ್ಲಿ ಕಂಬಳಿಯನ್ನು ದಾನ ಮಾಡುವವನ ಔದಾರ್ಯಕ್ಕೆ ಎಲ್ಲೆ ಇರುವುದಿಲ್ಲ. ಚಳಿ ಬಂದಾಗ ಮಾತ್ರ ಅವನು ದಾನ ಪಡೆದವನ ಮನೆಯ ಮುಂದೆ ಸುಮ್ಮನೆ ಅಡ್ಡಾಡುತ್ತಾನೆ.

ಈಗ ಮಾರ್ಗಶಿರ. ಚಳಿ ಬಂದಿತ್ತು.

* * *

ಮೇಳದ ಎರಡನೆಯ ಸಂಜೆ ಮಹಾಲಿಂಗಯ್ಯನವರು ವೇಷ ಮರೆಸಿಕೊಂಡು ಹೊರಟರು. ಮೂಗಿನ ಮೇಲೆ ಮಾಸ್ಕು, ಕತ್ತಿಗೆ ಮಫ್ಲರ್, ತಲೆಗೆ ಕಿವಿ ಮುಚ್ಚುವ ಉಣ್ಣೆಯ ಟೋಪಿ. ಕಣ್ಣೆರಡನ್ನು ಬಿಟ್ಟರೆ ಅವರ ಗುರುತು ಹತ್ತುವ ಯಾವ ಅಂಗವೂ ಹೊರಗಿರಲಿಲ್ಲ.

ಮೈದಾನ ಅವರೆಯ ಸೊಗಡಿನಲ್ಲಿ ತೇಲುತ್ತಿತ್ತು. ಅವರೆಕಾಳಿನ ಅಕ್ಕಿರೊಟ್ಟಿ ಒಂದು ಕಡೆ, ಅವರೆ ಉಪ್ಪಿಟ್ಟು ಒಂದು ಕಡೆ, ಕರಿದ ಬೇಳೆಯ ಮಿಕ್ಸ್‌ಚರ್ ಗುಡ್ಡೆ ಗುಡ್ಡೆ, ಅವರೆಬೇಳೆಯ ಹೋಳಿಗೆ ಕೂಡ. ನಡುನಡುವೆ ಶುಂಠಿ ಹಾಕಿದ ಕಬ್ಬಿನ ಹಾಲು, ಮೆಣಸಿನ ಬಿಸಿ ಕಷಾಯ, ಮಸಾಲೆ ಮಜ್ಜಿಗೆ. ಮಹಾಲಿಂಗಯ್ಯನವರು ಎಲ್ಲವನ್ನೂ ದಾಟಿ ಮೂಲೆಯ ಮಳಿಗೆಗೆ ನೇರವಾಗಿ ನಡೆದರು. ಅದು ಹಾಗಲವಾಡಿಯ ಚಿಕ್ಕಮಾರಮ್ಮನ ಬಾಣಲೆ. ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕಿ, ಸಿಪ್ಪೆ ತೆಗೆದು, ಸಬ್ಬಸಿಗೆ ಸೊಪ್ಪಿನೊಂದಿಗೆ ಒರಟಾಗಿ ರುಬ್ಬಿ ತಟ್ಟುತ್ತಿದ್ದ ಆಕೆಯ ವಡೆಗಾಗಿ ಹಿಂದಿನ ವರ್ಷಗಳಲ್ಲಿ ಮಹಾಲಿಂಗಯ್ಯನವರು ಪ್ರತಿ ಸಂಜೆ ಸರದಿಯಲ್ಲಿ ನಿಂತದ್ದುಂಟು.

ಮುತ್ತುಗದ ಎಲೆಯಲ್ಲಿ ಬಿಸಿ ವಡೆಗಳು ಕೈಗೆ ಬಂದವು. ಅವರು ಮಾಸ್ಕನ್ನು ಗಲ್ಲಕ್ಕೆ ಇಳಿಸಿದರು. ವಡೆ ತುಟಿಯ ಹತ್ತಿರ ಬಂತು. ಆವಿ ಮೂಗನ್ನು ಮುಟ್ಟಿತು.

“ಮಹಾಲಿಂಗಯ್ಯನವರೇ!”

ಬೆನ್ನ ಹಿಂದೆ ಶಿವರಾಮಯ್ಯನವರು. ಮೇಳದ ಸಮಿತಿಯ ಅಧ್ಯಕ್ಷರೂ ಅವರೇ ಆಗಿದ್ದರು. ಎದೆಯ ಮೇಲೆ ತಟ್ಟೆಯಗಲದ ಬ್ಯಾಡ್ಜ್ ಹೊಳೆಯುತ್ತಿತ್ತು.

“ನೀವು... ನನ್ನ ಗುರುತು ಹೇಗೆ...”

“ಈ ಟೋಪಿ ಯಾರಿಗೆ ತಾನೇ ಗೊತ್ತಿಲ್ಲ ಸ್ವಾಮಿ?”

ಟೋಪಿಯನ್ನು ಬಸವಲಿಂಗಮ್ಮನವರು ಹೆಣೆದಿದ್ದರು. ಕಿತ್ತಳೆ ಬಣ್ಣ, ನೆತ್ತಿಯ ಮೇಲೆ ಹಸಿರು ಚೆಂಡು. ಬೇಸಿಗೆಯೆನ್ನದೆ ಅವರು ಅದನ್ನು ಕಾಶಿಗೂ ತೊಟ್ಟು ಹೋಗಿದ್ದರು; ಅಲ್ಲಿನ ಗದ್ದಲದಲ್ಲಿ ಯಾತ್ರೆಯ ಮಂದಿಯೆಲ್ಲ ಕಳೆದುಹೋಗದೆ ಒಟ್ಟಿಗೆ ಬಂದದ್ದೇ ಆ ಚೆಂಡನ್ನು ನೋಡಿಕೊಂಡು. ವೇಷ ಮರೆಸಿಕೊಳ್ಳಲು ಮಹಾಲಿಂಗಯ್ಯನವರು ಇಡೀ ಜಿಲ್ಲೆಯಲ್ಲಿ ಒಂದೇ ಒಂದಿದ್ದ ಟೋಪಿಯನ್ನು ಆರಿಸಿಕೊಂಡಿದ್ದರು.

“ಅದ್ಸರಿ, ಕೈಯಲ್ಲೇನದು? ಅವರೆ ವಡೆ ಅಲ್ವಾ?” ಹೆಡ್‌ಮಾಸ್ತರರ ಹುಬ್ಬು ಮೇಲೇರಿತು. ಸುತ್ತಲಿನ ನಾಲ್ಕು ತಲೆಗಳು ಇತ್ತ ತಿರುಗಿದವು.

ಮಹಾಲಿಂಗಯ್ಯನವರು ದಿಕ್ಕುದಿಕ್ಕಿಗೂ ನೋಡಿದರು. ಮಳಿಗೆಯ ಹಿಂದೆ ಎಸೆದ ಎಲೆಗಳನ್ನು ಮೇಯುತ್ತಿದ್ದ ಕಪ್ಪು ಹಸುವೊಂದು ಕಂಡಿತು.

“ಇದಾ? ಇದು... ಹಸುಗೆ.”

“ಹಸುಗೆ?”

“ನಾನಂತೂ ಬಿಟ್ಟಿದ್ದೀನಿ. ನನ್ನ ಪಾಲನ್ನ ದಿನಾ ಗೋಮಾತೆಗಾದ್ರೂ...” ಎಂದು ಅವರು ವಡೆಯನ್ನು ಕೊನೆಯ ಬಾರಿಗೆಂಬಂತೆ ನೋಡಿದರು. ಅದನ್ನು ಎಲ್ಲರೂ ಭಾವೋದ್ವೇಗವೆಂದು ತಿಳಿದರು.

“ನೋಡ್ರಯ್ಯಾ! ತ್ಯಾಗ ಅಂದ್ರೆ ಇದು!” ಎಂದು ಶಿವರಾಮಯ್ಯನವರು ಸುತ್ತಲಿನವರಿಗೆ ಪಾಠ ಮಾಡಿದರು. ಹಸು ಪಾಠ ಮುಗಿಯುವ ತನಕ ಕಾಯಲಿಲ್ಲ. ಎಲೆಸಮೇತ ವಡೆಗಳನ್ನು ಎಳೆದುಕೊಂಡು, ತಿಂದು, ತ್ಯಾಗಿಯ ಬೆರಳುಗಳನ್ನೂ ನೆಕ್ಕಿತು. ಬೆರಳಿಗಂಟಿದ್ದ ಸೊಗಡೂ ಅದರ ಪಾಲಾಯಿತು.

“ಬನ್ನಿ ಬನ್ನಿ, ನಮ್ಮನೇಗೆ ಬನ್ನಿ. ನಿಮಗೆ ಪ್ರಾಣವಾದ್ದನ್ನೇ ಮಾಡಿಸ್ತೀನಿ.”

“ಏನದು?”

“ಹಾಗಲಕಾಯಿ ಗೊಜ್ಜು!”

ಈ ಕಥೆಯ ನಿಜವಾದ ಸಂಕಟ ಇದು. ಅವರೆ ಬಿಟ್ಟವರಿಗೆ ಅವರೆಯ ಕಾಲದಲ್ಲಿ ಏನು ಬಡಿಸುವುದೆಂಬ ಪ್ರಶ್ನೆಗೆ ಬಂಧುಬಳಗವೆಲ್ಲ ಒಂದೇ ಉತ್ತರ ಕಂಡುಕೊಂಡಿತ್ತು. ಬಸ್ಸಿನಲ್ಲಿ ಆಡಿದ ಇನ್ನೊಂದು ಮಾತನ್ನೂ ಯಾರೂ ಮರೆತಿರಲಿಲ್ಲ. ಮನೆಯಲ್ಲಿ ಬಸವಲಿಂಗಮ್ಮನವರು, “ಕಾಶೀಲಿ ಬಿಟ್ಟ ಮೇಲೆ ಆಯ್ತು, ಈ ಮನೇಗೆ ಅವರೆಕಾಯಿ ತರಲ್ಲ ಬುಡಿ,” ಎಂದು ಹೇಳಿ ಹಾಗಲಕಾಯಿ ಬಡಿಸುತ್ತಿದ್ದರು. ಪಕ್ಕದ ಮನೆಯಿಂದ ಬಟ್ಟಲು ಬಟ್ಟಲು ಹಾಗಲಕಾಯಿ ಬರುತ್ತಿತ್ತು. ಮಹಾಲಿಂಗಯ್ಯನವರು ಕಣ್ಣು ಬಿಗಿಯಾಗಿ ಮುಚ್ಚಿ, ಅನ್ನದೊಳಗೆ ಹುದುಗಿಸಿ, ಅಗಿಯದೆ ನುಂಗುತ್ತಿದ್ದರು. ನಿಜವಾಗಿ ಗಂಗೆಗೆ ಬಿಟ್ಟದ್ದನ್ನು ದಿನವೂ ತಿನ್ನುತ್ತ, ಎಂದೂ ಬಿಡದಿದ್ದುದನ್ನು ಕಣ್ಣೆತ್ತಿಯೂ ನೋಡಲಾಗದೆ ಅವರು ಎರಡು ಕಡೆಯಿಂದಲೂ ಪಾಪಿಯಾಗಿದ್ದರು. ಕಹಿ ನಾಲಿಗೆಯಿಂದ ಇಳಿದು ಆತ್ಮಕ್ಕೆ ತಲುಪುವಷ್ಟಿತ್ತು.

ಇನ್ನೊಂದು ವಿಚಿತ್ರ. ಊಟ ಬಡಿಸಲು ಹೆಂಡತಿ ಬಾಗಿದಾಗಲೆಲ್ಲ ಅವರ ಮೂಗಿಗೆ ಅವರೆಯ ಸೊಗಡು ಬಡಿಯುತ್ತಿತ್ತು. ತನಗೆ ಭ್ರಮೆ ಹಿಡಿಯುತ್ತಿದೆಯೆಂದು ಅವರು ಒಳಗೊಳಗೇ ಹೆದರಿದರು.

* * *

ತುಮಕೂರು ಬೇಡ. ಗುಬ್ಬಿಗೆ ಹೋಗೋಣ. ಗುಬ್ಬಿಯ ಸಂತೆಯಲ್ಲಿ ಅವರೆಯ ಕಾಲಕ್ಕೆಂದೇ ಬೋಂಡ, ರೊಟ್ಟಿಯ ಗಾಡಿಗಳು ನಿಲ್ಲುತ್ತವೆ. ಅಲ್ಲಿ ನಾದಿನಿ ಶಶಿಕಲಾ ಇದ್ದಾಳೆ, ನಿಜ. ಆದರೆ ಅಷ್ಟು ದೊಡ್ಡ ಸಂತೆಯಲ್ಲಿ ಒಬ್ಬಳೇ ಒಬ್ಬಳು ಹೆಂಗಸಿನ ಕಣ್ಣು ತಪ್ಪಿಸುವುದು ಯಾವ ಲೆಕ್ಕ? ಕಾರ್ಖಾನೆಗೆ ರಜೆ ಹಾಕಿ, ಟೋಪಿಯನ್ನು ಮನೆಯಲ್ಲೇ ಬಿಟ್ಟು, ಅವರು ಬಸ್ಸು ಹತ್ತಿದರು.

ಸಂತೆಯ ಬಾಯಲ್ಲೇ ಗಾಡಿಯೊಂದರ ಮೇಲೆ ಅವರೆಕಾಳಿನ ಬೋಂಡ ಎಣ್ಣೆಯಲ್ಲಿ ಹೊರಳುತ್ತಿತ್ತು. ಕಡಬದಿಂದ ಕಾಯಿ ತಂದಿದ್ದ ರೈತನೊಬ್ಬ ಪಕ್ಕದಲ್ಲೇ ಚೀಲ ಸುರಿದಿದ್ದ. ಮಹಾಲಿಂಗಯ್ಯನವರು ಕೈ ಮುಂದೆ ಮಾಡಿದರು.

“ಭಾವಾ!”

ಶಶಿಕಲಾ. ಅದೇ ಬೋಂಡದ ಗಾಡಿಯ ಆಚೆ ಬದಿಯಲ್ಲಿ, ಕೈಯಲ್ಲಿ ಬ್ಯಾಗು ಹಿಡಿದು ನಿಂತಿದ್ದಳು.

“ಇಷ್ಟು ದೂರ ಬಂದು ಮನೇಗೆ ಬರ್ದೆ ಹೋಗ್ತೀರಾ? ಅಯ್ಯೋ, ಅದೂ ಅವರೆ ಗಾಡಿ ಮುಂದೆ ನಿಂತಿದೀರಲ್ಲಾ! ಎಷ್ಟು ಹಿಂಸೆ ಆಗ್ತಿದೆಯೋ ಏನೋ. ಬನ್ನಿ, ಮೊದ್ಲು ಈ ವಾಸನೆಯಿಂದ ಆಚೆ ಬನ್ನಿ!”

ಹಿಂಸೆ ಆಗುತ್ತಿದ್ದುದು ನಿಜವಾಗಿತ್ತು. ಕಾರಣ ಮಾತ್ರ ಬೇರೆ.

ಮನೆಯಲ್ಲಿ ಅಂದು ಹಿತಕಿದ ಬೇಳೆ ಸಾರು. ಹೊಸಿಲಿನಲ್ಲೇ ಮಹಾಲಿಂಗಯ್ಯನವರ ಮೂಗು ಅಡುಗೆಮನೆಯ ಕಡೆ ತಿರುಗಿತು. ಆದರೆ ಶಶಿಕಲಾ ಅವರನ್ನು ನಡುಮನೆಯಲ್ಲಿ ಕೂರಿಸಿ, ಕಿಟಕಿಗಳನ್ನು ತೆರೆದು, ಊದುಬತ್ತಿ ಹಚ್ಚಿ, ಸಾರಿನ ಪಾತ್ರೆಯನ್ನು ಹಿತ್ತಲಿಗೆ ಸಾಗಿಸಿದಳು. ಪಕ್ಕದ ಮನೆಯಲ್ಲಿ ಅವರೆ ಬೇಯಿಸುತ್ತಿದ್ದ ಕುಕ್ಕರನ್ನೂ ಒಲೆಯಿಂದ ಇಳಿಸುವಂತೆ ಗೋಡೆಯ ಮೇಲಿಂದ ಕೂಗಿ ಹೇಳಿದಳು. ಅವಳ ಗಂಡ ಸೋಮಶೇಖರ್ ಊಟದ ಎಲೆಯ ಮುಂದೆ ಕುಳಿತು ಹಿತ್ತಲ ಬಾಗಿಲನ್ನೇ ನೋಡುತ್ತಿದ್ದ.

“ಅಲ್ಲ ಕಣೇ, ಕಾಶೀಲಿ ಬಿಟ್ಟಿದ್ದು ಅವರು. ನಾನೇನ್ ಬಿಟ್ಟಿದ್ನಾ?”

“ಸುಮ್ನೆ ಮೊಸರನ್ನ ತಿನ್ರೀ. ದೊಡ್ಡೋರ ಮುಂದೆ ಕೂತ್ಕೊಂಡು ಅವರೆ ಸಾರು ಸುರೀತೀರಾ?”

“ಭಾವ, ಬೇಜಾರ್ ಮಾಡ್ಕೋಬೇಡಿ,” ಎಂದ ಸೋಮಶೇಖರ್, ಮೊಸರನ್ನವನ್ನು ಶತ್ರುವಿನಂತೆ ಕಲಸುತ್ತ. “ಮುಂದಿನ ಸಲ ಬೇಸಿಗೇಲಿ ಬನ್ನಿ.”

ಅಷ್ಟರಲ್ಲಿ ಶಶಿಕಲಾ ಮುಚ್ಚಳವಿದ್ದ ಬೇರೊಂದು ಬಟ್ಟಲನ್ನು ತಂದು ಮಹಾಲಿಂಗಯ್ಯನವರ ಎಲೆಗೆ ಮಾತ್ರ ಪಲ್ಯ ಬಡಿಸಿದಳು. “ಹಾಗಲಕಾಯಿ ಭಾವ. ನಿಮಗೋಸ್ಕರ ಅಂತ.” ಹೇಳುತ್ತ ಹೇಳುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸರಕ್ಕನೆ ಒಳಗೆ ಹೋದಳು. ತನ್ನ ತ್ಯಾಗ ನೋಡಿ ಪಾಪ, ಈ ಹೆಂಗಸಿಗೆ ಅಳು ಬಂತು ಎಂದುಕೊಂಡು ಮಹಾಲಿಂಗಯ್ಯನವರು ಕಣ್ಣು ಮುಚ್ಚಿದರು.

ಹಿತ್ತಲಲ್ಲಿ ಸಾರು ತಣ್ಣಗಾಗುತ್ತಿತ್ತು. ನಡುಮನೆಯಲ್ಲಿ ಇಬ್ಬರು ಗಂಡಸರು ಬೇರೆ ಬೇರೆ ಕಾರಣಗಳಿಗಾಗಿ ಒಂದೇ ಪಾತ್ರೆಯನ್ನು ನೆನೆದು ನಿಟ್ಟುಸಿರುಬಿಟ್ಟರು.

* * *

ಇನ್ನೊಬ್ಬನಾಗಿದ್ದರೆ ಸೋಲೊಪ್ಪುತ್ತಿದ್ದ. ಮಹಾಲಿಂಗಯ್ಯನವರು ಕುಣಿಗಲ್ ಬಸ್ಸು ಹತ್ತಿದರು.

ಚಳಿಗಾಲದ ಸಂಜೆಗಳಲ್ಲಿ ಕುಣಿಗಲ್ ಕೆರೆಯ ಬದಿಯಲ್ಲಿ ತಳ್ಳುಗಾಡಿಗಳ ಸಾಲೊಂದು ನಿಲ್ಲುತ್ತಿತ್ತು. ಗಾಳಿಗೆ ನಡುಗುತ್ತ ಬಿಸಿ ಬಿಸಿ ತಿನ್ನುವುದರಲ್ಲಿ ಒಂದು ಬೇರೆಯೇ ಸುಖವಿದೆ. ಹೊನ್ನಯ್ಯನ ಬಾದಾಮಿ ಹಾಲಿನ ಅಂಗಡಿ ಬಸ್ ನಿಲ್ದಾಣದ ಹತ್ತಿರ, ಇಲ್ಲಿಂದ ದೂರ. ಅದನ್ನೆಲ್ಲ ಯೋಚಿಸಿಯೇ ಅವರು ಬಂದಿದ್ದರು. ಹೊನ್ನಯ್ಯನೂ ಚಳಿಗಾಲದ ವ್ಯಾಪಾರಕ್ಕೆಂದು ಹಾಲಿನ ಗಾಡಿಯನ್ನು ಕೆರೆಯ ಬದಿಗೆ ತಳ್ಳಿಕೊಂಡು ಬಂದಿರಬಹುದೆಂಬುದೊಂದನ್ನು ಬಿಟ್ಟು.

ಅವರೆಕಾಳಿನ ಅಕ್ಕಿರೊಟ್ಟಿಯೊಂದು ಹೆಂಚಿನಿಂದ ಎದ್ದು, ಬೆಣ್ಣೆ ಸವರಿಸಿಕೊಂಡು, ಗಾಡಿಯವನ ಕೈಯಲ್ಲಿ ಅವರ ಕಡೆಗೆ ಬರುತ್ತಿತ್ತು. ಮಹಾಲಿಂಗಯ್ಯನವರು ಅದನ್ನು ತೆಗೆದುಕೊಳ್ಳಲು ಅಂಗೈ ಅಗಲಿಸಿ ಕೈ ಚಾಚಿದರು.

ಫಕ್ಕನೆ ಬೆಳಕು ಮಿಂಚಿತು.

“ಆಹಾ! ಎಂಥಾ ಫೋಟೋ!” ಹೊನ್ನಯ್ಯ ಮೊಬೈಲ್ ಹಿಡಿದು ಕುಣಿಯುತ್ತಿದ್ದ. “ಲೋ, ರೊಟ್ಟಿ ಕೊಡ್ಬೇಡ ಕಣ್ಲಾ! ಯಾರ್ ಗೊತ್ತೇನ್ಲಾ ಇವ್ರು? ಕಾಶೀಲಿ ಅವರೆಕಾಯಿ ಬಿಟ್ಟು ಬಂದವ್ರೆ! ನಾನೂ ಅದೇ ಬಸ್ಸಲ್ಲಿದ್ದೋನು!”

ಗಾಡಿಯವನು ಬೆಂಕಿ ಮುಟ್ಟಿದವನಂತೆ ರೊಟ್ಟಿಯನ್ನು ಹಿಂದಕ್ಕೆಳೆದುಕೊಂಡ. “ಅಯ್ಯಯ್ಯೋ! ಒಳ್ಳೇ ಟೈಮ್‌ಗೆ ಹೇಳ್ದೆ ಹೊನ್ನಣ್ಣ. ಕಾಶೀಲಿ ಬಿಟ್ಟಿದ್ನ ಅವ್ರಿಗೆ ತಿನ್ಸಿ ಆ ಪಾಪ ನಾನ್ ಕಟ್ಕೊಳ್ಳಾ?”

“ನಾನೇ ಕೇಳಿದ್ದಲ್ಲವೇನಪ್ಪಾ?” ಎಂದರು ಮಹಾಲಿಂಗಯ್ಯನವರು.

“ಪರೀಕ್ಷೆ ಮಾಡ್ಕೊಳ್ತಿದ್ರು ಕಣ್ಲಾ, ತಮ್ಮನ್ನ ತಾವೇ!” ಎಂದು ಹೊನ್ನಯ್ಯ ಅರ್ಥ ಬಿಡಿಸಿದ. ಅವರ ಕೈಗೊಂದು ಬಿಸಿ ಬಾದಾಮಿ ಹಾಲಿನ ಲೋಟ ಬಂತು. ಹಾಲು ಚೆನ್ನಾಗಿತ್ತು. ಆದರೆ ಯುದ್ಧಕ್ಕೆ ಹೋದವನಿಗೆ ಶಾಲು ಹೊದಿಸಿ ಕಳಿಸಿದಂತಾಯಿತು.

ಆ ಫೋಟೋ ಮಹಾಲಿಂಗಯ್ಯನವರಿಗಿಂತ ಮೊದಲು ತುಮಕೂರು ತಲುಪಿತು. ಅವರು ಕೈ ಚಾಚಿದ್ದು ತೆಗೆದುಕೊಳ್ಳಲು. ಫೋಟೋದಲ್ಲಿ ಮಾತ್ರ, ಬೆಣ್ಣೆ ಒಸರುವ ರೊಟ್ಟಿಯೊಂದನ್ನು ಅಂಗೈ ಎತ್ತಿ ಬೇಡವೆಂದು ತಡೆಯುತ್ತಿರುವ ಋಷಿಯೊಬ್ಬರು ಕಾಣುತ್ತಿದ್ದರು. ಯಾತ್ರೆಯ ವಾಟ್ಸಾಪ್ ಗುಂಪಿನಿಂದ ಬಡಾವಣೆಯ ಗುಂಪಿಗೆ, ಅಲ್ಲಿಂದ ಮಠದ ಭಕ್ತರ ಗುಂಪಿಗೆ, ಅಲ್ಲಿಂದ ಕಾರ್ಖಾನೆಯ ಗುಂಪಿಗೆ ಅದು ಹರಿಯಿತು. ಮರುದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರೆಕಾಳು ಉಪ್ಪಿಟ್ಟು ಮಾಡಿದ್ದರೂ ಅವರ ತಟ್ಟೆಗೆ ಬನ್ನು ಬಿತ್ತು. ಮಾಲೀಕರೇ ಬಂದು ಕೈ ಕುಲುಕಿ, “ಇಂಥೋರು ಉಗ್ರಾಣದಲ್ಲಿರೋದು ನಮ್ಮ ಅದೃಷ್ಟ,” ಎಂದರು.

ಸಂಜೆಗೆ ಶಿವರಾಮಯ್ಯನವರು ಮನೆಗೇ ಬಂದರು.

“ಭಾನುವಾರ ಮೇಳದ ಸಮಾರೋಪ. ಮಹಾನಗರ ಪಾಲಿಕೆಯ ಅಧಿಕಾರಿಗಳು ಬರ್ತಾರೆ. ವೇದಿಕೆ ಮೇಲೆ ನಿಮಗೆ ಸನ್ಮಾನ. ಬಿರುದು ಕೂಡ ಇದೆ.”

“ಬಿರುದಾ?”

“ಅವರೆತ್ಯಾಗಿ!”

ಮಹಾಲಿಂಗಯ್ಯನವರು ಹೆಂಡತಿಯತ್ತ ನೋಡಿದರು, ಬೇಡವೆನ್ನಲಿ ಎಂಬ ಆಸೆಯಿಂದ. ಬಸವಲಿಂಗಮ್ಮನವರು ಶಾಂತವಾಗಿ ಹೇಳಿದರು:

“ಆಗ್ಲಿ ಬುಡಿ, ಅವರೇ ತಾನೇ ಗಳಿಸ್ಕೊಂಡಿದ್ದು.”

ಮಹಾಲಿಂಗಯ್ಯನವರು ಒಪ್ಪಿದರು. ಏಕೆಂದರೆ ಸಮಾರೋಪವೆಂದರೆ ಕೊನೆಯ ಸಂಜೆ. ಸನ್ಮಾನ ಮುಗಿದು ಜನ ಚದುರುವ ಹೊತ್ತಿಗೆ ಚಿಕ್ಕಮಾರಮ್ಮನ ಬಾಣಲೆಯಲ್ಲಿ ಕೊನೆಯ ಒಬ್ಬೆ ವಡೆ ಇರುತ್ತದೆ. ಬಿರುದು ಹೊತ್ತ ತಲೆಯಿಂದಲೇ, ಮಳಿಗೆಯ ಹಿಂದಿನ ಕತ್ತಲಿಗೆ ಹೋಗಿ, ತಿಂದೇ ಬಿಡುವುದು. ಅದು ತಪ್ಪಿದರೆ ಮುಂದಿನ ಮಾರ್ಗಶಿರದ ತನಕ ಕಾಯಬೇಕು.

* * *

ಭಾನುವಾರ ಮೈದಾನ ತುಂಬಿ ತುಳುಕಿತು. ಮುಂದಿನ ಸಾಲಿನಲ್ಲಿ ಬಸವಲಿಂಗಮ್ಮ, ಗುಬ್ಬಿಯಿಂದ ಬಂದ ಶಶಿಕಲಾ, ಶಿವರಾಮಯ್ಯನವರ ಪತ್ನಿ ಗಿರಿಜಮ್ಮ ಅಕ್ಕಪಕ್ಕ ಕುಳಿತಿದ್ದರು. ಸೋಮಶೇಖರ್ ಮಾತ್ರ ಬಂದ ಕ್ಷಣದಿಂದ ರೊಟ್ಟಿಯ ಮಳಿಗೆಯಲ್ಲಿ ನಿಂತು ಕಳೆದುಹೋದ ಊಟಕ್ಕೆ ಪರಿಹಾರ ಪಡೆಯುತ್ತಿದ್ದ. ಹೊನ್ನಯ್ಯ ಮೊಬೈಲ್ ಎತ್ತಿ ಹಿಡಿದು ನಿಂತಿದ್ದ.

ಮಹಾಲಿಂಗಯ್ಯನವರಿಗೆ ಮೈಸೂರು ಪೇಟ ತೊಡಿಸಿದರು. ಶಾಲು ಹೊದಿಸಿದರು. ಆಮೇಲೆ ಶಿವರಾಮಯ್ಯನವರು ಕಣ್ಣು ಮಿಟುಕಿಸಿ ಸನ್ನೆ ಮಾಡಿದಾಗ ಸಮಿತಿಯ ಇಬ್ಬರು ಗಂಡಸರು ಭಾರವಾದ ಹಾರವೊಂದನ್ನು ಹೊತ್ತು ತಂದರು. ಹಸಿರು ಹಾಗಲಕಾಯಿಗಳ ಹಾರ. ಒರಟು ಒರಟು ಮೈಯ ಕಾಯಿಗಳು ಅವರ ಎದೆಯ ಮೇಲೆ ಮೊಸಳೆಮರಿಗಳಂತೆ ಜೋತುಬಿದ್ದವು.

“ಇಷ್ಟೇ ಅಲ್ಲ!” ಶಿವರಾಮಯ್ಯನವರು ಮೈಕಿನಲ್ಲಿ ಗುಡುಗಿದರು. “ಇವರ ಗೌರವಾರ್ಥ ಅವರೆ ಮೇಳದಲ್ಲಿ ಇದೇ ಮೊದಲ ಬಾರಿಗೆ ಹಾಗಲಕಾಯಿ ಬಜ್ಜಿ! ಸಮಿತಿಯ ಗಂಡಸರು ನಾವೇ ಸೇರಿ ಗುಟ್ಟಾಗಿ ಮಾಡಿಸಿದ್ದು. ಮೊದಲ ಬಜ್ಜಿಯನ್ನ ಅವರೆತ್ಯಾಗಿಗಳು ನಮ್ಮೆಲ್ಲರ ಮುಂದೆ ಸ್ವೀಕರಿಸಬೇಕು!”

ತಟ್ಟೆ ಬಂತು. ಬಜ್ಜಿಯೊಂದು ಬೆರಳುಗಳ ನಡುವೆ ಬಂತು. ಮೇಲೆ ಹೊಂಬಣ್ಣದ ಹಿಟ್ಟು, ಅಂಚಿನಿಂದ ಇಣುಕುವ ಕಡುಹಸಿರು. ಅದರ ವಾಸನೆ ಎಂದಿನಂತಿರಲಿಲ್ಲ. ಇಷ್ಟು ದಿನ ನುಂಗಿದ್ದ ಹಾಗಲಕಾಯಿಗಿಂತ ಇದು ಭಯಂಕರವಾಗಿತ್ತು. ಬಾಲ್ಯದಲ್ಲಿ ಮನೆ ಬಿಟ್ಟು ಓಡಿಸಿದ ಅದೇ ವಾಸನೆ.

ಮುಂದಿನ ಸಾಲಿನಲ್ಲಿ ಬಸವಲಿಂಗಮ್ಮನವರು ತಟ್ಟನೆ ಎದ್ದು ನಿಂತರು. ಬೇಡ ಬೇಡ ಎಂಬಂತೆ ಕೈಯಾಡಿಸುತ್ತ ವೇದಿಕೆಯ ಮೆಟ್ಟಿಲ ಕಡೆಗೆ ಓಡಿಬರತೊಡಗಿದರು. ಮಹಾಲಿಂಗಯ್ಯನವರಿಗೆ ಅದು ಹೆಮ್ಮೆಯಿಂದ ಆರತಿಗೆ ಬರುತ್ತಿರುವಂತೆ ಕಂಡಿತು. ಅಷ್ಟರಲ್ಲಿ ಮೈದಾನದ ಮೂಲೆಯಿಂದ ಗಾಳಿಯೊಂದು ಬೀಸಿತು. ಸಬ್ಬಸಿಗೆ ಬೆರೆತ ಹಿತಕಿದ ಬೇಳೆಯ ವಾಸನೆ. ಚಿಕ್ಕಮಾರಮ್ಮನ ಕೊನೆಯ ಒಬ್ಬೆ ಎಣ್ಣೆಗೆ ಬಿದ್ದಿತ್ತು.

ಮಹಾಲಿಂಗಯ್ಯನವರು ಬಜ್ಜಿಯನ್ನು ತಟ್ಟೆಗೆ ಹಾಕಿ ಮೈಕನ್ನು ಕಿತ್ತುಕೊಂಡರು.

“ನಾನು ಅವರೆಕಾಯಿ ಬಿಟ್ಟಿಲ್ಲ ಕಣ್ರಪ್ಪಾ! ಕಾಶೀಲಿ ನಾನು ಬಿಟ್ಟಿದ್ದು ಹಾಗಲಕಾಯಿ! ಬಸ್ಸಲ್ಲಿ ಸುಳ್ಳು ಹೇಳ್ದೆ! ನನಗೆ ವಡೆ ಬೇಕು!”

ಮೈಕು ಕುಯ್ಯೆಂದಿತು.

ಮೊದಲು ಚೇತರಿಸಿಕೊಂಡವರು ಪಾಲಿಕೆಯ ಅಧಿಕಾರಿ ಅಂಜನಮೂರ್ತಿ. “ಹಾಗಾದ್ರೆ ಈ ಬಿರುದು ರದ್ದು ಮಾಡೋಕೆ ಏನು ಪ್ರೊಸೀಜರ್ ಇದೆ?” ಎಂದು ಪಕ್ಕದವರನ್ನು ಕೇಳಿದರು.

“ಬಿರುದು ಹಾಳಾಗ್ಲಿ ಸಾರ್!” ಶಿವರಾಮಯ್ಯನವರ ಮುಖ ಸುಣ್ಣದಂತಾಗಿತ್ತು. “ಗಂಗೆಗೆ ಬಿಟ್ಟಿದ್ದನ್ನ ನಾನು ಇವರಿಗೆ ಬಟ್ಟಲು ಬಟ್ಟಲು ತಿನ್ನಿಸಿದೀನಲ್ರೀ! ನಮ್ಮನೇಲೇ! ಆ ಪಾಪ ಯಾರ ತಲೆ ಮೇಲೆ?”

“ನಮ್ಮನೇಲಿ ನಮ್ಮೋಳೂ ಬಡಿಸವ್ಳೆ!” ಎಂದು ರೊಟ್ಟಿ ತುಂಬಿದ ಬಾಯಲ್ಲಿ ಸೋಮಶೇಖರ್ ದೂರದಿಂದ ಕೂಗಿದ. “ಅದಕ್ಕೋಸ್ಕರ ನಾನು ಬರೀ ಮೊಸರನ್ನ ತಿಂದೆ!”

ಗದ್ದಲ ಏರಿತು. ಪ್ರಾಯಶ್ಚಿತ್ತಕ್ಕೆ ಮತ್ತೆ ಕಾಶಿಗೆ ಹೋಗಬೇಕೆಂದು ಕೆಲವರು, ಹೋಗುವ ಬಸ್ಸಿನಲ್ಲಿ ಇವರನ್ನು ಹತ್ತಿಸಬಾರದೆಂದು ಕೆಲವರು. ಆಗ ಮೆಟ್ಟಿಲೇರಿ ಬಂದ ಬಸವಲಿಂಗಮ್ಮನವರು ಗಂಡನ ಕೈಯಿಂದ ಮೈಕನ್ನು ತೆಗೆದುಕೊಂಡರು.

“ಯಾರಿಗೂ ಯಾವ ಪಾಪನೂ ಇಲ್ಲ. ಇವರು ಇವತ್ತಿನ ತನಕ ಒಂದು ಹೋಳು ಹಾಗಲಕಾಯೀನೂ ತಿಂದಿಲ್ಲ.”

“ತಿಂದಿದೀನಿ ಕಣೇ! ದಿನಾ ತಿಂದಿದೀನಿ!”

“ಅದು ಹೀರೇಕಾಯಿ.”

ಮಹಾಲಿಂಗಯ್ಯನವರು ತಟ್ಟೆಯ ಬಜ್ಜಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು.

“ಘಟ್ಟದ ಮೇಲೆ ನೀವು ಹಾಗಲಕಾಯಿ ಬಿಡೋವಾಗ ಹಿಂದೆ ನಿಂತಿದ್ದೋಳು ನಾನಲ್ವಾ? ಬಸ್ಸಲ್ಲಿ ಬಾಯಿ ಬಿಟ್ಟಾಗ ಹಿಂದೆ ಕೂತಿದ್ದೋಳೂ ನಾನೇ. ಗಂಗಮ್ಮಂಗೆ ಕೊಟ್ಟ ಮಾತು ಮುರೀಬಾರ್ದು, ನೀವು ಹೇಳಿದ ಸುಳ್ಳಿಗೆ ನಿಮ್ಮನ್ನ ಸುಮ್ನೆ ಬಿಡಲೂಬಾರ್ದು. ಅದಕ್ಕೇ ಹೀರೇಕಾಯಿಗೆ ಒಂದು ಹಿಡಿ ಮೆಂತ್ಯ ಹಾಕಿ ಬಡಿಸ್ದೆ. ನೀವು ಕಣ್ಣು ಬಿಟ್ಟು ನೋಡಿದ್ರೆ ತಾನೇ ಗೊತ್ತಾಗೋದು?”

“ಗುಬ್ಬೀಲಿ?”

“ಆವತ್ತು ಬೆಳಗ್ಗೇನೇ ನನಗೆ ಅಕ್ಕ ಫೋನ್ ಮಾಡಿದ್ಲು ಭಾವ,” ಎಂದಳು ಶಶಿಕಲಾ ಕೆಳಗಿನಿಂದ. ಸೆರಗು ಈಗಲೂ ಬಾಯಿಯ ಮೇಲಿತ್ತು. ಅದು ಅಳುವಲ್ಲವೆಂಬುದು ಈಗ ಮಹಾಲಿಂಗಯ್ಯನವರಿಗೆ ಸ್ಪಷ್ಟವಾಯಿತು.

“ನಮ್ಮನೇದು?” ಶಿವರಾಮಯ್ಯನವರು ತಮ್ಮ ಹೆಂಡತಿಯತ್ತ ತಿರುಗಿದರು.

“ಅದೂ ಹೀರೇಕಾಯೀನೇ,” ಎಂದರು ಗಿರಿಜಮ್ಮ ತಣ್ಣಗೆ. “ನೀವು ದೊಡ್ಡ ಮೇಷ್ಟ್ರು, ನಿಮಗೆ ಹೇಳೋದೇನು ಅಂತ ಸುಮ್ನಿದ್ದೆ. ಇವತ್ತಿನ ಬಜ್ಜಿ ವಿಷ್ಯ ನಮ್ಮ ಹತ್ರ ಮುಚ್ಚಿಟ್ರಲ್ಲ, ಅದೊಂದೇ ನಮ್ಮ ಕೈ ಮೀರಿದ್ದು.”

ಯಾತ್ರೆಗೆ ಹೋಗಿದ್ದ ಹೆಂಗಸರಿಗೆಲ್ಲ ಎಲ್ಲವೂ ಗೊತ್ತಿತ್ತು. ಗಂಡಸರ ವಾಟ್ಸಾಪ್ ಗುಂಪು ಇಡೀ ಜಿಲ್ಲೆಗೆ ಸುಳ್ಳನ್ನು ಹಂಚುತ್ತಿದ್ದಾಗ, ನಿಜವನ್ನು ಅವರು ಅಡುಗೆಮನೆಯಿಂದ ಅಡುಗೆಮನೆಗೆ ಸದ್ದಿಲ್ಲದೆ ದಾಟಿಸಿದ್ದರು.

ಮಹಾಲಿಂಗಯ್ಯನವರಿಗೆ ಕೊನೆಯದೊಂದು ಸಂಶಯ ಹೊಳೆಯಿತು. “ಮತ್ತೆ... ನಿನ್ನ ಕೈಯಲ್ಲಿ ಸೊಗಡಿನ ವಾಸನೆ?”

“ನಾನೇನ್ ಅವರೆಕಾಯಿ ಬಿಟ್ಟಿದ್ನಾ? ದಿನಾ ಮಧ್ಯಾಹ್ನ ಗಿರಿಜಮ್ಮನ ಮನೇಲಿ ಹಿತಕಿದ ಬೇಳೆ ಸಾರು.”

ಮೈದಾನ ನಕ್ಕಿತು. ಪಾಲಿಕೆಯ ಅಧಿಕಾರಿಯೂ ಪ್ರೊಸೀಜರ್ ಮರೆತು ನಕ್ಕರು. ಶಿವರಾಮಯ್ಯನವರು ನಗಲಿಲ್ಲ.

“ಶಾಲು ವಾಪಸ್ ಕೊಡಿ,” ಎಂದರು. “ಪೇಟಾನೂ.”

ಮಹಾಲಿಂಗಯ್ಯನವರು ಶಾಲು ಕೊಟ್ಟರು, ಪೇಟ ಕೊಟ್ಟರು. ಹಾಗಲಕಾಯಿಯ ಹಾರವನ್ನು ಸ್ವಸಂತೋಷದಿಂದ ಶಿವರಾಮಯ್ಯನವರ ಕೊರಳಿಗೇ ಹಾಕಿದರು. ಈ ಮೇಳದಲ್ಲಿ ಮೊದಲ ಬಾರಿಗೆ ಯಾವ ವೇಷವೂ ಇಲ್ಲದೆ, ಬರಿದಲೆಯಲ್ಲಿ, ಇಡೀ ಊರು ನೋಡುತ್ತಿರುವಾಗ ವೇದಿಕೆ ಇಳಿದು ಮೂಲೆಯ ಮಳಿಗೆಯ ಕಡೆಗೆ ನೇರವಾಗಿ ನಡೆದರು. ಜನ ಎರಡು ಪಾಲಾಗಿ ದಾರಿ ಬಿಟ್ಟರು.

ಚಿಕ್ಕಮಾರಮ್ಮ ಕೊನೆಯ ಒಬ್ಬೆಯನ್ನು ಜರಡಿಯಲ್ಲಿ ಎತ್ತುತ್ತಿದ್ದಳು. ಅವರನ್ನು ನೋಡಿ ಕೈ ನಿಲ್ಲಿಸಿದಳು.

“ಹೋದ ಸಲದ್ದು ಹಸ ತಿಂತು ಸ್ವಾಮಿ. ಇದು ಯಾರ್ಗೆ?”

“ನನಗೆ ಕಣಮ್ಮ. ನನಗೇ.”

ಮುತ್ತುಗದ ಎಲೆ ಕೈಗೆ ಬಂತು. ಮಹಾಲಿಂಗಯ್ಯನವರು ಕಣ್ಣು ಮುಚ್ಚಲಿಲ್ಲ. ಬಹಳ ದಿನಗಳ ಮೇಲೆ ಅಗಲವಾಗಿ ಕಣ್ಣು ತೆರೆದು, ತಿನ್ನುವುದನ್ನು ನೋಡಿಕೊಂಡು, ಮೊದಲ ತುತ್ತು ಮುರಿದು ಬಾಯಿಗಿಟ್ಟರು. ಕರುಮ್ಮೆಂದಿತು.

ಬೆನ್ನಿಗೆ ಏನೋ ಒದ್ದೆಯಾಗಿ ತಗುಲಿತು. ತಿರುಗಿ ನೋಡಿದರೆ ಕಪ್ಪು ಹಸು. ಎಲೆಯನ್ನೂ ಅವರನ್ನೂ ಸರದಿಯ ಮೇಲೆ ನೋಡುತ್ತ, ತನಗೆ ನಿಗದಿಯಾದ ಪಾಲಿಗಾಗಿ ವಿನಯದಿಂದ ನಿಂತಿತ್ತು.

“ಕೊಡಿ ಅದಕ್ಕೊಂದು,” ಎಂದರು ಹಿಂದೆಯೇ ಬಂದಿದ್ದ ಬಸವಲಿಂಗಮ್ಮನವರು, ಎಲೆಯಿಂದ ತಮಗೊಂದು ವಡೆ ಎತ್ತಿಕೊಳ್ಳುತ್ತ. “ಈ ಊರಲ್ಲಿ ನಿಮ್ಮ ತ್ಯಾಗದಿಂದ ಹೊಟ್ಟೆ ತುಂಬಿದ್ದು ಅದೊಂದಕ್ಕೇ.”

ಮಹಾಲಿಂಗಯ್ಯನವರು ಹಸುವನ್ನು ನೋಡಿದರು. ಎಲೆಯನ್ನು ನೋಡಿದರು. ಆಮೇಲೆ ಗೋಮಾತೆಗೆ ಕೈಮುಗಿದು, ಬೆನ್ನು ತಿರುಗಿಸಿ, ಎರಡನೆಯ ವಡೆಯನ್ನು ಇಡಿಯಾಗಿ ಬಾಯಿಗಿಟ್ಟುಕೊಂಡರು.